ದಡಿಯ ಕೊನೆಯ ಮೂರು ಚುಕ್ಕಿ

ವ್ಯಾಪಾರದಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ತಪ್ಪು ಯಾರದು ಅಂತ ಗೊತ್ತಾಗುವ ಮೊದಲೇ ಅದು ನಮ್ಮದಲ್ಲ ಅಂತ ಹೇಳಿಬಿಡಬೇಕು. ಗೊತ್ತಾದ ಮೇಲೆ ಹೇಳಿದರೆ ಸುಳ್ಳಾಗುತ್ತದೆ, ಮೊದಲೇ ಹೇಳಿದರೆ ಬರೀ ಅಭಿಪ್ರಾಯ. ಬಣ್ಣ ಬಿಟ್ಟರೆ ಬಣ್ಣ ಅದ್ದಿದವನದು, ನೂಲು ಹರಿದರೆ ಮಿಲ್ಲಿನದು, ಸೀರೆ ಗಿಡ್ಡಾದರೆ ಉಟ್ಟವರ ಎತ್ತರದ್ದು. ಸೈಕಲ್ಲಿನ ಹಿಂದೆ ಸೀರೆ ಗಂಟು ಕಟ್ಟಿಕೊಂಡು ಹುನಗುಂದದ ಸಂತೆಗೆ ಹೋಗುತ್ತಿದ್ದ ಕಾಲದಿಂದ, ಇಳಕಲ್ಲಿನ ಪೇಟೆಯಲ್ಲಿ ಸ್ವಂತ ಅಂಗಡಿ, ಅಂಗಡಿಯ ಹಿಂದೆ ಸ್ವಂತ ಮಗ್ಗ ಅಂತ ಆಗುವವರೆಗೆ ಈ ಪಾಠ ನನ್ನ ಕೈಬಿಟ್ಟಿಲ್ಲ. ಹಾಗಂತ ನಾನು ಮೋಸಗಾರನಲ್ಲ. ನಿಮಗೇ ಒಂದು ಸಲಹೆ ಕೊಡುತ್ತೇನೆ, ಕೇಳದಿದ್ದರೂ ಕೊಡುವ ರೂಢಿ ನನ್ನದು. ಇಳಕಲ್ ಸೀರೆ ಕೊಳ್ಳುವಾಗ ಮೊದಲು ಸೆರಗು ನೋಡಬೇಡಿ. ಎಲ್ಲರೂ ಸೆರಗು ನೋಡುತ್ತಾರೆ ಅಂತ ಗೊತ್ತಿದ್ದೇ ನಾವು ಅದನ್ನು ಮೇಲೆ ಬರುವಂತೆ ಮಡಚಿರುತ್ತೇವೆ. ಒಡಲಿನ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿ ಕೂಡಿಸಿರುವ ಜಾಗವನ್ನು ತಿರುವಿ ನೋಡಿ. ಅಲ್ಲಿ ಗಟ್ಟಿ ಇದ್ದರೆ ಉಳಿದದ್ದಕ್ಕೆಲ್ಲ ಬೆಲೆ ಕಟ್ಟಬಹುದು.

ಇಷ್ಟು ಶಾಣ್ಯಾತನ ಇಟ್ಟುಕೊಂಡ ನಾನು ಒಂದೇ ಒಂದು ತಪ್ಪಿನ ವಿಷಯದಲ್ಲಿ ಮಾತ್ರ ಮೂವತ್ತು ವರ್ಷಕ್ಕೂ ಮಿಕ್ಕಿ ವಾದ ಮಾಡಿಕೊಂಡು ಬಂದಿದ್ದೇನೆ. ಅದು ಸೀರೆಯ ತಪ್ಪಲ್ಲ. ಒಂದು ಹಳೇ ಕಾಲದ ಚಿಕ್ಕ ಕಂಪ್ಯೂಟರಿನ ಹೊಟ್ಟೆಯೊಳಗಿನ ತಪ್ಪು. ಆ ಕಂಪ್ಯೂಟರು ನನ್ನ ಬದುಕಿಗೆ ಬಂದದ್ದು ನಾಲ್ಕು ಕುರ್ಚಿಯ ಜೊತೆಗೆ.

ಬಾಗಲಕೋಟೆಯಲ್ಲಿ ಯಾವುದೋ ಕಚೇರಿಯವರು ಹಳೇ ಸಾಮಾನು ಹರಾಜು ಹಾಕಿದ್ದರು. ಗಿರಾಕಿಗಳು ಕೂಡಲು ಕುರ್ಚಿ ಬೇಕಾಗಿದ್ದವು, ಹೋಗಿದ್ದೆ. ಕುರ್ಚಿಯ ಬೆಲೆ ಇಳಿಸಿ ಇಳಿಸಿ ಅವರಿಗೂ ಬೇಸರ ಬಂತು, ಇನ್ನು ಇಳಿಸುವುದಿಲ್ಲ, ಬೇಕಾದರೆ ಮೂಲೆಯಲ್ಲಿರೋ ಆ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿ ಅಂದರು. ಪುಕ್ಕಟೆ ಅಂದರೆ ನನಗೆ ಕಿವಿ ನೆಟ್ಟಗಾಗುತ್ತದೆ. ನೋಡಿದರೆ ಟಿವಿ ಇದ್ದ ಹಾಗಿತ್ತು. ಮನೆಗೆ ತಂದು ಆಂಟೆನಾ ಎಲ್ಲಿ ಸಿಗಿಸುವುದು ಅಂತ ಹಿಂದೆ ಮುಂದೆ ಎಲ್ಲ ತಡಕಿದೆ. ಸ್ವಿಚ್ ಒತ್ತಿದರೆ ಕರೀ ಪರದೆಯ ಮೇಲೆ ಒಂದು ಹಸಿರು ಗೆರೆ ಮಿಣುಕುತ್ತಿತ್ತೇ ಹೊರತು ಸುದ್ದಿ ಇಲ್ಲ, ಸಿನಿಮಾ ಇಲ್ಲ. ಪುಕ್ಕಟೆ ಬಂದದ್ದನ್ನು ಒಗೆಯುವ ಜಾತಿ ನಾನಲ್ಲ. ಅಂಗಡಿಯಲ್ಲಿ ಇಟ್ಟು ಅದರ ಮೇಲೆ ನೂಲು ಸುತ್ತಿದ ಬಾಬಿನು ಜೋಡಿಸುತ್ತಿದ್ದೆ.

ಅದನ್ನು ಗುರುತು ಹಿಡಿದವರು ಶ್ರೀನಿವಾಸ ಮಾಸ್ತರು. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಅದಕ್ಕೂ ಮೊದಲು ಬೇವೂರಿನ ಕಡೆ ಇದ್ದರು. ಹೆಂಡತಿಗೆ ಸೀರೆ ಕೊಳ್ಳಲು ನಮ್ಮ ಅಂಗಡಿಗೆ ಬಂದಿದ್ದರು. ಅಷ್ಟು ದೊಡ್ಡ ಗಣಿತದ ಮಾಸ್ತರು, ಚೌಕಾಸಿ ಮಾತ್ರ ಒಂದು ಚೂರೂ ಬರುತ್ತಿರಲಿಲ್ಲ. ನಾನು ಹೇಳಿದ ಬೆಲೆಗೆ ಹೂಂ ಅಂದುಬಿಟ್ಟರು. ನನಗೇ ಕಸಿವಿಸಿಯಾಗಿ, ಮಾಸ್ತರ, ಹಂಗ ಹೂಂ ಅನಬಾರದ್ರಿ, ಅರ್ಧಕ್ಕ ಕೇಳ್ರಿ ಅಂತ ನಾನೇ ಹೇಳಿಕೊಟ್ಟೆ. ಅವರ ಗಮನ ಸೀರೆಯ ಮೇಲೆ ಇರಲಿಲ್ಲ. ಬಾಬಿನುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದರು.

“ಈರಪ್ಪಾ, ಇದರ ಮ್ಯಾಲೆ ಬಾಬಿನ್ ಇಡತೀ ಏನೋ? ಇದು ಕಂಪ್ಯೂಟರ್ ಅದ.”

ಯಾವುದೋ ಸರ್ಕಾರಿ ತರಬೇತಿಯಲ್ಲಿ ಅವರು ಇಂಥದ್ದೇ ಯಂತ್ರದ ಮುಂದೆ ಕೆಲವು ದಿನ ಕೂತು ಬಂದಿದ್ದರಂತೆ. ಮರಳಿ ಬಂದ ಮೇಲೆ ಮುಟ್ಟಲು ಸಿಕ್ಕಿರಲಿಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ ಹಪ್ಪಳದಂಥ ಫ್ಲಾಪಿಯನ್ನು ನಾನು ಕ್ಯಾಲೆಂಡರಿನ ಹಿಂದೆ ಸಿಗಿಸಿದ್ದೆ. ಅದನ್ನು ಯಂತ್ರದ ಬಾಯಿಗೆ ಇಟ್ಟರು. ಅದು ಕರಕರ ಅಂದು ಏನೋ ಬರೆದು ತೋರಿಸಿತು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ ಅಂದರು. ನನಗೆ ತಿಳಿಯಲಿ ಅಂತ, ನಿನ್ನ ಅಂಗಡಿಗೆ ದಿವಾನಜಿ ಇದ್ದಂಗ ಅಂತ ತಿಳಕೋ, ಯಾವ ಸಾಮಾನು ಯಾವ ಕಪಾಟಿನ್ಯಾಗ ಅದ ಅಂತ ಅವಗ ಗೊತ್ತಿರತದ, ನಾವು ಕೇಳಿದ್ರ ತಂದು ಕೊಡತಾನ ಅಂದರು. ಲೆಕ್ಕ ಬರೆಯುವ ದಿವಾನಜಿಯನ್ನು ಇಟ್ಟುಕೊಳ್ಳುವ ತಾಕತ್ತು ನನಗೆ ಆವಾಗ ಇರಲಿಲ್ಲ. ಪಗಾರ ಕೇಳದ ದಿವಾನಜಿ ಕುರ್ಚಿಯ ಜೊತೆ ಬಂದಿದ್ದಾನೆ ಅಂತ ತಿಳಿದು ಸಂತೋಷವಾಯಿತು.

ಸೀರೆಯ ದಡಿಯ, ಅಂದರೆ ಅಂಚಿನ, ವಿನ್ಯಾಸವನ್ನು ಆವಾಗ ನಾವು ಚೌಕುಳಿ ಹಾಳೆಯ ಮೇಲೆ ಕೈಯಿಂದ ತುಂಬುತ್ತಿದ್ದೆವು. ತುಂಬಿದ ಚೌಕಕ್ಕೆ ರಟ್ಟಿನ ಪಟ್ಟಿಯಲ್ಲಿ ಒಂದು ತೂತು, ಖಾಲಿ ಚೌಕಕ್ಕೆ ತೂತಿಲ್ಲ. ಆ ಪಟ್ಟಿಗಳ ಮಾಲೆಯನ್ನು ಮಗ್ಗದ ನೆತ್ತಿಯ ಮೇಲಿನ ಯಂತ್ರಕ್ಕೆ ಏರಿಸಿದರೆ, ತೂತು ಇದ್ದಲ್ಲಿ ನೂಲು ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಮಾಸ್ತರು ಇದನ್ನು ನೋಡಿ, ತೂತು ಅದ ಅಥವಾ ಇಲ್ಲ, ಎರಡ ಮಾತು, ಕಂಪ್ಯೂಟರಿಗೂ ಬರೋದು ಇವೆರಡ ಮಾತು ಅಂತ ಎದ್ದು ನಿಂತರು. ಹೆಂಡತಿಗೆ ಕೊಂಡ ಸೀರೆಯನ್ನು ದುಡ್ಡಿನ ಗಲ್ಲೆಯ ಮೇಲೇ ಮರೆತು ಹೋದರು. ಮುಂದಿನ ರವಿವಾರ ಸೀರೆ ಒಯ್ಯಲು ಬಂದರು, ಅದರ ಮುಂದಿನ ರವಿವಾರ ಸುಮ್ಮನೆ ಬಂದರು. ಹಳೇ ಬಾಗಲಕೋಟೆಯ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು, ವಿನ್ಯಾಸವನ್ನು ಯಂತ್ರವೇ ನೆನಪಿಟ್ಟು ಛಾಪಿಸಿಕೊಡುವಂಥ ಪ್ರೋಗ್ರಾಂ ಹಾಳೆಯ ಮೇಲೆ ಬರೆಯುವುದು, ಸೂಟಿಯ ದಿನ ಬಸ್ಸು ಹತ್ತಿ ಇಳಕಲ್ಲಿಗೆ ಬಂದು ಟೈಪು ಮಾಡುವುದು. ದೀಪಾವಳಿ ಸೂಟಿ ಪೂರಾ ಹೀಗೇ ಕಳೆಯಿತು. ಹೆಂಡತಿ ಅವರನ್ನು ಇಳಕಲ್ಲಿನ ಅಳಿಯ ಅಂತ ಕರೆಯತೊಡಗಿದ್ದರಂತೆ. ಕೆಲಸ ಮುಗಿದ ಮೇಲೆ ಏನು ಕೊಡಲಿ ಅಂತ ನಾನು ಕೇಳಿದೆ, ಒಳಗೊಳಗೇ ಹೆದರಿಕೊಂಡು. ಅವರು ಕೇಳಿದ್ದು ಒಂದೇ: ಇದನ್ನ ಯಾರು ಬರದಾರ ಅಂತ ಯಾರರೆ ಕೇಳಿದ್ರ ನನ್ನ ಹೆಸರು ಹೇಳು. ನನ್ನ ಜೀವಮಾನದಲ್ಲಿ ಅಷ್ಟು ಅಗ್ಗದ ವ್ಯಾಪಾರ ಕುದುರಿದ್ದಿಲ್ಲ. ಮಾಸ್ತರು ತಮ್ಮ ಜೀವಮಾನದಲ್ಲಿ ಬರೆದ ಪ್ರೋಗ್ರಾಂ ಅದೊಂದೇ ಅಂತ ನನಗೆ ಆವಾಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದು ಅಗ್ಗವಲ್ಲ ಅಂತಲೂ ಗೊತ್ತಾಗುತ್ತಿತ್ತು.

ಮೊದಲ ವಿನ್ಯಾಸವೇ ನಡು ಮುರಿದುಕೊಂಡು ಬಂತು. ದಡಿಯಲ್ಲಿ ಸಾಲಾಗಿ ಬರಬೇಕಾದ ಗುಡಿ ಗೋಪುರದ ಚಿತ್ತಾರ ಅರ್ಧಕ್ಕೆ ನಿಂತು, ಮುಂದೆ ಬರೀ ಬಯಲು. ನಾನು, ಮಾಸ್ತರ, ನಿಮ್ಮ ಪ್ರೋಗ್ರಾಂದಾಗ ತಪ್ಪೈತಿ ಅಂದೆ. ಈ ಮಾತನ್ನು ನಾನು ಅಂದದ್ದು ಅದೇ ಮೊದಲ ಸಲ. ಅವರು ಒಂದು ವಾರ ತಲೆ ಕೆಡಿಸಿಕೊಂಡು ಕಾರಣ ಹುಡುಕಿದರು. ಆ ಕಾರಣವನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ಹೆದರಬೇಡಿ, ಸೀರೆಯ ಮೂಟೆ, ಅಂದರೆ ಬೇಲು, ಕಟ್ಟುವುದು ಗೊತ್ತಿದ್ದವರಿಗೆಲ್ಲ ಇದು ತಿಳಿಯುತ್ತದೆ. ಆ ಯಂತ್ರದ ದಿವಾನಜಿ ಬಿಡಿ ಸಾಮಾನಿನ ಲೆಕ್ಕ ಇಡುವುದಿಲ್ಲ, ಪೆಟ್ಟಿಗೆಯ ಲೆಕ್ಕ ಇಡುತ್ತಾನೆ. ಒಂದು ಪೆಟ್ಟಿಗೆಗೆ ನೂರಾ ಇಪ್ಪತ್ತೆಂಟು ಅಕ್ಷರ. ನಿಮ್ಮ ಸಾಮಾನು ಎಷ್ಟು ಪೆಟ್ಟಿಗೆ ಅಂತ ಕೇಳಿದರೆ ಹೇಳುತ್ತಾನೆ. ಕೊನೇ ಪೆಟ್ಟಿಗೆಯಲ್ಲಿ ಎಷ್ಟು ತುಂಬಿದೆ ಅಂತ ಕೇಳಿದರೆ ಅವನಿಗೆ ಗೊತ್ತಿಲ್ಲ. ಅದಕ್ಕೇ, ಸಾಮಾನು ಮುಗಿದಲ್ಲಿಂದ ಉಳಿದ ಜಾಗಕ್ಕೆಲ್ಲ ‘ಇಲ್ಲಿಗೆ ಮುಗಿಯಿತು’ ಅನ್ನುವ ಒಂದು ಗುರುತಿನ ಅಕ್ಷರ ತುಂಬಬೇಕು ಅಂತ ಪುಸ್ತಕದಲ್ಲಿ ಹೇಳಿತ್ತು. ಮಾಸ್ತರು ಹಾಗೇ ಮಾಡಿದ್ದರು. ಆ ಗುರುತನ್ನು ತೂತುಗಳ ಲೆಕ್ಕದಲ್ಲಿ ಬರೆದರೆ, ಕೂಡಿದ ಎರಡು ಚುಕ್ಕಿ, ಒಂದು ಸಂದು, ಬಲಕ್ಕೆ ಒಂದು ಒಂಟಿ ಚುಕ್ಕಿ. ನಮ್ಮ ಗೋಪುರದ ನಡುವಿನ ಒಂದು ಸಾಲು ದೈವಯೋಗದಿಂದ ಹಾಗೇ ಇತ್ತು. ಯಂತ್ರ ಅಲ್ಲಿಗೆ ಬಂದ ಕೂಡಲೇ ಮುಗಿಯಿತು ಅಂತ ಕೈಕಟ್ಟಿ ಕೂತಿತು.

ಮಾಸ್ತರು ತಿದ್ದಿದರು. ಆ ಗುರುತು ಕಂಡರೂ ನಿಲ್ಲಬೇಡ, ಪೆಟ್ಟಿಗೆ ಮುಗಿಯುವವರೆಗೆ ಓದು ಅಂತ ಯಂತ್ರಕ್ಕೆ ಹೇಳಿದರು. ಗೋಪುರ ಪೂರ್ತಿ ಬಂತು. ಆದರೆ ಅದರ ಬಾಲಕ್ಕೆ, ಉಳಿದ ಜಾಗಕ್ಕೆ ತುಂಬಿದ ಗುರುತುಗಳೂ ಬಂದವು. ಪ್ರತಿ ಗೋಪುರ ಮುಗಿದು ಮುಂದಿನದು ಶುರುವಾಗುವ ನಡುವೆ ಎರಡು ಚುಕ್ಕಿ, ಸಂದು, ಒಂದು ಚುಕ್ಕಿ. ಇರುವೆ ಸಾಲು ಹಾದಿ ತಪ್ಪಿ ಸೀರೆಗೆ ಬಂದ ಹಾಗೆ.

ಅಲ್ಲಿಂದ ಶುರುವಾಯಿತು ನಮ್ಮ ವಾದ. ನಾನು, ಬಾಲ ನಿಮ್ಮ ಪ್ರೋಗ್ರಾಂದ್ದು ಅನ್ನುವುದು. ಅವರು, ಸಾಮಾನು ಎಷ್ಟದ ಅಂತ ದಿವಾನಜಿಗೆ ಗೊತ್ತಿಲ್ಲಂದ್ರ ತಪ್ಪು ದಿವಾನಜಿದು, ಅಂದರ ಆಪರೇಟಿಂಗ್ ಸಿಸ್ಟಮಿಂದು ಅನ್ನುವುದು. ನಾನು, ದಿವಾನಜಿ ದಡ್ಡ ಅಂತ ಗೊತ್ತಿದ್ದ ಮ್ಯಾಲೆ ಮಾಲಕ ಎಚ್ಚರಿಕಿಲೆ ಇರಬೇಕಲ್ರಿ ಅನ್ನುವುದು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಇದೇ ಮಾತಾಡುತ್ತ ನಿಂತು ಕಣ್ಣೆದುರಿಗೇ ಬಸ್ಸು ಬಿಟ್ಟುಕೊಂಡಿದ್ದೇವೆ. ಒಮ್ಮೆ ಶಿವಯೋಗ ಮಂದಿರಕ್ಕೆ ಇಬ್ಬರೂ ಕೂಡಿ ಹೋಗಿ ಬರುವಾಗ ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ, ಬಿಸ್ಕೀಟನ್ನು ಡಬ್ಬಿಗೆ ತುಂಬಿ ತೆಗೆದು ಅವರು ನನಗೆ ಪೆಟ್ಟಿಗೆಯ ಲೆಕ್ಕ ತೋರಿಸುತ್ತಿದ್ದರು. ಪಕ್ಕದ ಬೆಂಚಿನವನು ಬಹಳ ಹೊತ್ತು ಕೇಳಿ, ಆಸ್ತಿ ಪಾಲಿನ ಜಗಳೇನ್ರಿ ಅಂತ ಕನಿಕರದಿಂದ ವಿಚಾರಿಸಿದ. ಹೌದು, ಒಂದು ತಪ್ಪಿನ ಪಾಲು ಹಂಚಕೊಳ್ಳಾಕತ್ತೇವಿ ಅಂದೆ. ಯಾರಿಗೂ ಬ್ಯಾಡಾದ್ದಕ್ಕ ಯಾಕ ಜಗಳ ಅಂತ ಅವನು ಚಹಾ ಮುಗಿಸಿ ಎದ್ದುಹೋದ. ಬಿಸ್ಕೀಟಿನ ದುಡ್ಡು ಮಾತ್ರ ಅಂಗಡಿಯವನು ಇಡೀ ಡಬ್ಬಿಗೆ ತೆಗೆದುಕೊಂಡ. ಅವನೂ ಪೆಟ್ಟಿಗೆ ಲೆಕ್ಕದವನೇ.

ಈಗ ನೀವು ಕೇಳಬಹುದು, ಅಷ್ಟು ಕಾಟ ಕೊಡುವ ಚುಕ್ಕಿಯನ್ನು ರಟ್ಟಿಗೆ ತೂತು ಹೊಡೆಯುವಾಗಲೇ ಬಿಟ್ಟುಬಿಡಬಹುದಿತ್ತಲ್ಲ ಅಂತ. ಬಿಡಬಹುದಿತ್ತು. ಅದಕ್ಕೆ ಗಂಗವ್ವ ಅಡ್ಡ ಬಂದಳು. ನಮ್ಮ ಮಗ್ಗಗಳ ಪೈಕಿ ದೊಡ್ಡ ಮಗ್ಗ ಅವಳದು, ಮದುವೆ ಸೀರೆ ಅಂದರೆ ಅವಳ ಕೈಯದೇ ಆಗಬೇಕು. ಮೊದಲ ಸೀರೆಯಲ್ಲಿ ಆ ಚುಕ್ಕಿ ಕಂಡಾಗ, ನಾನು ಮೋರೆ ಗಂಟು ಹಾಕಿಕೊಂಡು ನಿಂತಿದ್ದರೆ ಅವಳು, ಛಲೋ ಮಾಡ್ಯಾರ ಬಿಡ್ರಿ ಅಣ್ಣಾರ, ದೃಷ್ಟಿ ಬೊಟ್ಟು ಇಟ್ಟಾರ ಅಂದಳು. ಚಂದದ ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಡುವುದಿಲ್ಲವೇ, ಹಾಗೆ. ನನ್ನ ತಲೆಯಲ್ಲಿ ಗಂಟೆ ಬಾರಿಸಿದಂತಾಯಿತು. ಅವತ್ತಿನಿಂದ ಗಿರಾಕಿಗಳಿಗೆ ನಾನು ದಡಿ ಬಿಚ್ಚಿ ತೋರಿಸುವುದೇ ಆ ಚುಕ್ಕಿಯಿಂದ. ನೋಡ್ರಿ, ಬೊಟ್ಟು ಇಟ್ಟು ನೇಯ್ದ ಸೀರಿ, ಉಟ್ಟವರಿಗೆ ದೃಷ್ಟಿ ತಾಗೂದಿಲ್ಲ, ಇದು ಇಲ್ಲದ್ದು ನಮ್ಮ ಅಂಗಡಿದಲ್ಲ. ಸೊಲ್ಲಾಪುರದಿಂದ ಬರುವವರು ಕೂಡ ದಡಿ ತಿರುವಿ ಚುಕ್ಕಿ ಹುಡುಕತೊಡಗಿದರು. ಗಿರಾಕಿಯ ಮುಂದೆ ದೃಷ್ಟಿ ಬೊಟ್ಟು, ಮಾಸ್ತರ ಮುಂದೆ ನಿಮ್ಮ ತಪ್ಪು. ಒಂದೇ ಚುಕ್ಕಿಯನ್ನು ಎರಡು ಬೆಲೆಗೆ ಮಾರುವುದು ನನಗೆ ಕಷ್ಟ ಅನಿಸಲಿಲ್ಲ.

ಮುಂದೆ ಹಳೇ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬಂತು. ಮಾಸ್ತರ ಮನೆ, ಅವರು ಪ್ರೋಗ್ರಾಂ ಬರೆದ ಪಡಸಾಲೆ, ಎಲ್ಲ ನೀರಿನ ಪಾಲಾಗಿ ಅವರು ನವನಗರದ ಸೆಕ್ಟರಿಗೆ ಬಂದರು. ಮಾಸ್ತರಿಗೆ ನಿವೃತ್ತಿಯಾಯಿತು. ಅವರ ಹೆಂಡತಿ ತೀರಿಕೊಂಡರು. ವಾದ ಮಾತ್ರ ಇದ್ದಲ್ಲೇ ಇತ್ತು. ನಮ್ಮ ಅಂಗಡಿ ಸೂಟಿಯ ದಿನ ಮುಂಜಾನೆ ಅವರ ಫೋನು ಬರುತ್ತಿತ್ತು. ಆರಾಮಾ ಅಂತ ಕೇಳುವ ಪದ್ಧತಿ ಇಲ್ಲ. ನೇರವಾಗಿ, ಈರಪ್ಪಾ, ನಾ ಮತ್ತ ವಿಚಾರ ಮಾಡಿದೆ ನೋಡು ಅಂತಲೇ ಶುರು. ನನ್ನ ಹೆಂಡತಿ, ಹೆಣ್ಮಕ್ಕಳು ತವರಿಗೆ ಫೋನು ಮಾಡಿದಂಗ ಮಾಡತಾರಲ್ಲ ಅಂತ ನಗುತ್ತಿದ್ದಳು. ಅವರ ಹೆಂಡತಿ ಹೋದ ವಾರವೂ ಆ ಫೋನು ತಪ್ಪಲಿಲ್ಲ. ಅವತ್ತು ಅವರು ಪೆಟ್ಟಿಗೆಯ ಲೆಕ್ಕವನ್ನೇ ಮೊದಲಿಂದ ಕೊನೆವರೆಗೆ ಹೇಳಿದರು. ನಾನೂ ನಿಮ್ಮದೇ ತಪ್ಪು ಅಂದೆ. ಬೇರೆ ಏನು ಅನ್ನಬೇಕು ಅಂತ ನನಗೆ ತಿಳಿಯಲಿಲ್ಲ. ಅದೇ ಸರಿಯಾಗಿತ್ತು ಅಂತ ಈಗ ಅನಿಸುತ್ತದೆ.

ಹೀಗೆ ನಡೆದಿದ್ದ ನಮ್ಮ ಸಂಸಾರದಲ್ಲಿ ಕಡ್ಡಿ ಆಡಿಸಿದವಳು ನನ್ನ ಮಗಳು ಸವಿತಾ. ಅಂಗಡಿಯ ವ್ಯವಹಾರ ಈಗ ಅವಳದು. ನಾನು ಗಲ್ಲೆಯ ಪಕ್ಕದ ಕುರ್ಚಿಯಲ್ಲಿ, ಅದೇ ಹರಾಜಿನ ಕುರ್ಚಿಯಲ್ಲಿ, ಕೂತು ಸಲಹೆ ಕೊಡುತ್ತೇನೆ. ಹಳೇ ಯಂತ್ರ ಕೆಮ್ಮತೊಡಗಿತ್ತು. ಫ್ಲಾಪಿ ಇಟ್ಟರೆ ಒಮ್ಮೆ ಓದುತ್ತಿತ್ತು, ಒಮ್ಮೆ ಮುನಿಸಿಕೊಳ್ಳುತ್ತಿತ್ತು. ಅದು ಪೂರ್ತಿ ಕಣ್ಣು ಮುಚ್ಚುವ ಮೊದಲು ಎಲ್ಲ ವಿನ್ಯಾಸಗಳನ್ನೂ ಲ್ಯಾಪ್‌ಟಾಪಿಗೆ ತರುತ್ತೇನೆ ಅಂತ ಅವಳು ಕೂತಳು. ಹಾಳೆಯ ಮೇಲೆ ಛಾಪಿಸಿದ ವಿನ್ಯಾಸ ನೋಡುತ್ತ, ಚೌಕ ಚೌಕ ತುಂಬುತ್ತ, ಅಪ್ಪಾ, ನೀ ಬೊಟ್ಟು ಅಂತ ಮಾರೂ ಈ ಕಸ ಎಲ್ಲಾದರ ಕಡೀಕೂ ಯಾಕ ಬಂತು ಅಂತ ಕೇಳಿದಳು. ಆ ಕಸದ ಕರ್ತೃ ಅದೇ ಹೊತ್ತಿಗೆ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಮಾಸ್ತರು ಹುರುಪಿನಿಂದ ಎದ್ದು ಹೋಗಿ ಅವಳ ಪಕ್ಕ ಕೂತರು. ಪೆಟ್ಟಿಗೆ, ಗುರುತು, ಅರ್ಧಕ್ಕೆ ನಿಂತ ಗೋಪುರ, ಎಲ್ಲ ಹೇಳಿದರು. ಈ ಕಥೆಯನ್ನು ಯಾರಾದರೂ ತಾವಾಗಿ ಕೇಳಿ ಎಷ್ಟೋ ವರ್ಷವಾಗಿತ್ತು. ನೀನ ಹೇಳವಾ ಸವಿತಾ, ಇದು ಪ್ರೋಗ್ರಾಂದ್ದು ತಪ್ಪೋ, ಆಪರೇಟಿಂಗ್ ಸಿಸ್ಟಮಿಂದೋ, ನಿಮ್ಮಪ್ಪಗ ತಿಳಿಯುವಂಗ ಹೇಳು ಅಂದರು.

ಸವಿತಾ ಪರದೆಯ ಮೇಲೆ ವಿನ್ಯಾಸದ ಮೊದಲ ಸಾಲಿಗೆ ಬೆರಳು ಇಟ್ಟಳು. ಅವಳ ಮನಸ್ಸಿನಲ್ಲಿ ಯಾರನ್ನೂ ಚುಚ್ಚುವ ಉದ್ದೇಶ ಇರಲಿಲ್ಲ, ಅದು ನನಗೆ ಗೊತ್ತು.

“ಕಾಕಾ, ವಿನ್ಯಾಸದ ಮೊದಲಿಗೇ ಇದು ಇಷ್ಟು ಸಾಲು ಐತಿ ಅಂತ ಒಂದು ಅಂಕಿ ಬರದಿಟ್ಟಿದ್ರ? ಅಷ್ಟು ಓದಿ ನಿಂದರು ಅಂತ ಹೇಳಿದ್ರ ಮುಗೀತಿತ್ತಲ್ರಿ. ಗೋಪುರನೂ ಮುರೀತಿರಲಿಲ್ಲ, ಬಾಲನೂ ಬರ್ತಿರಲಿಲ್ಲ.”

  ಬೇಲಿನ ಮೇಲೆ ಒಳಗೆಷ್ಟು ಸೀರೆ ಇದೆ ಅಂತ ಬರೆಯುತ್ತೇವಲ್ಲ, ಅಷ್ಟೇ ಮಾತು. ಅದು ನನಗೂ ಹೊಳೆದಿರಲಿಲ್ಲ, ಬೇಲು ಕಟ್ಟಿ ಕಟ್ಟಿ ಕೈ ಸವೆದಿದ್ದರೂ. ನಾನು ಗೆದ್ದಿದ್ದೆ. ತಪ್ಪು ಪ್ರೋಗ್ರಾಂದ್ದೇ ಅಂತ ತೀರ್ಪು ಬಂದಿತ್ತು, ಅದೂ ಮಾಸ್ತರೇ ಆರಿಸಿದ ನ್ಯಾಯಾಧೀಶರಿಂದ. ಮಾಸ್ತರ ಮುಖ ನೋಡಿದೆ. ಅವರು ಪರದೆಯನ್ನೇ ನೋಡುತ್ತ, ಹೌದು ನೋಡವಾ ಅಂದರು. ಆಮೇಲೆ, ಬಸ್ಸಿನ ಹೊತ್ತಾತು ಅಂದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅರ್ಧ ಚಹಾ ಕಪ್ಪಿನಲ್ಲೇ ಉಳಿಯಿತು.

ಅಂಗಡಿ ಸೂಟಿಯ ದಿನ ಬಂತು, ಫೋನು ಬರಲಿಲ್ಲ. ಮುಂದಿನ ಸೂಟಿಗೂ ಬರಲಿಲ್ಲ. ನಾನೇ ಮಾಡಿದರೆ, ಆರಾಮ ಇದ್ದೇನಿ, ನೀ ಆರಾಮಾ ಅಂತ ಕೇಳಿದರು.  ಅಷ್ಟು ವರ್ಷದಲ್ಲಿ ಅವರು ನನ್ನನ್ನು ಆರಾಮಾ ಅಂತ ಕೇಳಿದ್ದು ಅದೇ ಮೊದಲು. ಮಾಲು ಖರೀದಿಯಲ್ಲಿ ನಾನು ಎಷ್ಟೋ ಸಲ ಎದುರಿನವನನ್ನು ಒತ್ತಿ ಒತ್ತಿ ಕೊನೇ ಬೆಲೆಗೆ ಇಳಿಸಿದ್ದೇನೆ. ಆದರೆ ಅಂಥ ವ್ಯಾಪಾರಿ ಮುಂದಿನ ವರ್ಷ ನಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಆದ್ದರಿಂದ ನನ್ನ ಇನ್ನೊಂದು ಸಲಹೆ: ಚೌಕಾಸಿಯಲ್ಲಿ ಎದುರಿನವನಿಗೂ ಒಂದಿಷ್ಟು ಗೆದ್ದೆ ಅನ್ನುವಂತೆ ಬಿಟ್ಟುಕೊಡಬೇಕು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮಾಸ್ತರಿಗೆ ಒಂದು ಚೂರೂ ಬಿಟ್ಟುಕೊಟ್ಟಿರಲಿಲ್ಲ ಅಂತ ಆವಾಗ ನೆನಪಾಯಿತು.

ದಾರಿ ತೋರಿಸಿದ್ದು ಮತ್ತೆ ಗಂಗವ್ವನೇ, ತೋರಿಸುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ. ಸವಿತಾ ಕಸ ತೆಗೆದು ಸ್ವಚ್ಛ ಮಾಡಿದ ಮೊದಲ ವಿನ್ಯಾಸ ಒಂದು ಮದುವೆ ಸೀರೆಗೆ ಏರಿತ್ತು. ಎರಡು ಗೋಪುರ ನೇಯ್ದ ಗಂಗವ್ವ ಮಗ್ಗದ ಕುಣಿಯಿಂದ ಕಾಲು ಮೇಲೆ ತೆಗೆದುಕೊಂಡು ಕೂತಳು. ಏನಾತವಾ ಅಂತ ಕೇಳಿದೆ.

“ಬೊಟ್ಟೆಲ್ಲೈತ್ರಿ ಅಣ್ಣಾರ? ಮದುವಿ ಹುಡುಗಿ ಉಡೂ ಸೀರಿ. ಬೊಟ್ಟಿಡದ ಕೂಸಿನ್ನ ಹೊರಗ ಕಳಸ್ತೀರೇನು ನೀವು? ನಾ ನೇಯಂಗಿಲ್ಲ.”

ಅದು ಯಂತ್ರದ ಕಸವಾಗಿತ್ತು, ಬೊಟ್ಟಲ್ಲ ಅಂತ ಹೇಳಲು ನನಗೆ ಬಾಯಿ ಎಲ್ಲಿಂದ ಬರಬೇಕು? ಬೊಟ್ಟು ಅಂತ ಇಷ್ಟು ವರ್ಷ ಕೂಗಿ ಮಾರಿದವನೇ ನಾನು. ಸವಿತಾ ನಕ್ಕು, ಅದಕ್ಕೇನು, ಒಂದು ನಿಮಿಷದ ಕೆಲಸ, ಹಾಕಿಬಿಡ್ತೇನಿ ಅಂದಳು. ಅವಳ ಕೈ ಹಿಡಿದೆ. ಮುಟ್ಟಬ್ಯಾಡ ಅಂದೆ. ಸೀದಾ ಬಸ್ಸು ಹತ್ತಿ ನವನಗರಕ್ಕೆ ಹೋದೆ.

ಮಾಸ್ತರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಬಾ ಅಂದರು, ಜಾಗ ಮಾಡಿದರು. ನಾನು ವ್ಯಾಪಾರದ ಮುಖ ಹಾಕಿಕೊಂಡು, ಭಾಳ ಪೇಚಿಗೆ ಸಿಕ್ಕೇನ್ರಿ, ಚುಕ್ಕಿ ಮತ್ತ ಬೇಕಾಗ್ಯಾವು, ಹುಡುಗಿಗೆ ಅದು ಬರವಲ್ದು, ನೀವ ಬರಬೇಕು ಅಂದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಸವಿತಾಗ ಅದು ಬರೂದಿಲ್ಲ ಅಂತಿ. ಈ ಮಾತು ಅಕೀ ಮುಂದ ಹೇಳು, ನೋಡೋಣು.”

ಸಿಕ್ಕಿಬಿದ್ದಿದ್ದೆ. ನಾನೂ ನಾಲ್ಕು ಶೇಂಗಾ ಸುಲಿದೆ. ಅವರೇ ಮಾತಾಡಿದರು. “ಈರಪ್ಪಾ, ಸಾಲ್ಯಾಗ ಹುಡುಗರಿಗೆ ಉತ್ತರ ತಪ್ಪಿದ್ರೂ ನಡೀತದ, ಮಾಡೋ ರೀತಿ ಸರಿ ಇರಬೇಕು ಅಂತ ಜನ್ಮಾ ಪೂರ್ತಿ ಹೇಳಿದಂವ ನಾ. ನಂದ ರೀತಿ ತಪ್ಪಿತ್ತು. ಒಂದ ಅಂಕಿ. ಬರದದ್ದು ಒಂದ ಪ್ರೋಗ್ರಾಂ, ಅದರಾಗ ಬಿಟ್ಟದ್ದು ಒಂದ ಅಂಕಿ.”

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬರುವುದು ಬೆಲೆ ಕಟ್ಟುವುದು ಒಂದೇ. ಅದಕ್ಕೇ ಕೇಳಿದೆ, ಆ ಅಂಕಿ ನೀವು ಬರದು ಇಟ್ಟಿದ್ರ ಬೊಟ್ಟೆಲ್ಲಿ ಬರತಿತ್ರಿ? ಬೊಟ್ಟಿಲ್ಲದಿದ್ರ ಸೊಲ್ಲಾಪುರದವರು ನನ್ನ ಅಂಗಡಿ ಹುಡುಕ್ಕೊಂಡು ಯಾಕ ಬರತಿದ್ರು? ಈಗ ಗಂಗವ್ವ ಮಗ್ಗದಿಂದ ಕಾಲು ತಗದು ಕುಂತಾಳ, ಯಾವುದಕ್ಕ? ನೀವು ಬಿಟ್ಟ ಅಂಕಿಗೆ. ಬರದದ್ದು ಯಾರಿಗೂ ನೆನಪಿಲ್ಲ, ಬಿಟ್ಟದ್ದನ್ನ ಊರೆಲ್ಲಾ ಉಟಗೊಂಡು ಅಡ್ಡ್ಯಾಡತೈತಿ.

 ಮಾಸ್ತರು ಮಡಿಲಿನ ಶೇಂಗಾ ಸಿಪ್ಪೆ ಜಾಡಿಸಿ ಎದ್ದರು. ಬರತೇನಿ, ಆದ್ರ ಒಂದು ಮಾತು, ಇನ್ನ ಮುಂದ ಅದಕ್ಕ ಪ್ರೋಗ್ರಾಂದ್ದು ತಪ್ಪು ಅನಬಾರದು ಅಂದರು. ನನ್ನ ಬಾಯಿ ರೂಢಿಯ ಬಲದಿಂದ ಅರ್ಧ ತಪ್ಪು ಅಂತೀನ್ರಿ ಅಂದು ಕೇಳಿಯೇಬಿಟ್ಟಿತು. ಕಾಲು ಪಾಲೂ ಇಲ್ಲ ಅಂದರು. ಚೌಕಾಸಿ ಬಾರದ ಮನುಷ್ಯ, ಅವತ್ತು ಒಂದು ಪೈಸೆ ಇಳಿಯಲಿಲ್ಲ. ಆತ್ರಿ ಅಂದೆ.

ಮರುದಿನ ಮಾಸ್ತರು ಸವಿತಾಳ ಪಕ್ಕ ಕೂತು, ಒಂದು ನಿಮಿಷದ ಕೆಲಸವನ್ನು ಮುಂಜಾನೆಯಿಂದ ಊಟದ ಹೊತ್ತಿನ ತನಕ ಮಾಡಿದರು. ಈ ಸಲ ಮೊದಲಿಗೆ ಉದ್ದದ ಅಂಕಿ ಬರೆಸಿದರು. ಅದಾದ ಮೇಲೆ ಬೊಟ್ಟನ್ನು ಬೇಕೆಂತಲೇ ಇಡಿಸಿದರು. ಸವಿತಾ ಎಲ್ಲಕ್ಕೂ ಹೂಂ ಕಾಕಾ ಅನ್ನುತ್ತಿದ್ದಳು, ಅವಳನ್ನು ನಾನು ಸಾಕಿದ್ದು ದಂಡವಾಗಿಲ್ಲ. ವಿನ್ಯಾಸ ತೆಳು ಹಾಳೆಯ ಮೇಲೆ ಛಾಪಾಗಿ ಬಂತು. ಅದನ್ನು ರಟ್ಟಿಗೆ ತೂತು ಹೊಡೆಯುವವನ ಮನೆಗೆ ನಾನೇ ಸ್ವತಃ ಒಯ್ದೆ. ನಾನೇ ಅವನ ಮುಂದೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಹಿಂಗ ನೋಡ್ಕೋತ ಹೊಡಿಯಪಾ ಅಂತ ಸಲಹೆ ಕೊಟ್ಟು ಬಂದೆ.

ಪಟ್ಟಿ ಏರಿತು, ಗಂಗವ್ವ ಒಂದು ಗೇಣು ನೇಯ್ದು ಕರೆದಳು. ನಾವು ಮೂವರೂ ಹೋಗಿ ಬಗ್ಗಿ ನೋಡಿದೆವು. ಗೋಪುರ ಸರಿಯಾಗಿತ್ತು. ಬೊಟ್ಟೂ ಇತ್ತು. ಆದರೆ ಒಂಟಿ ಚುಕ್ಕಿ ಬಲಕ್ಕೆ ಬರುವುದು ಎಡಕ್ಕೆ ಬಂದಿತ್ತು. ಬಲಗಲ್ಲದ ಬೊಟ್ಟು ಎಡಗಲ್ಲಕ್ಕ ಬಂದೈತಿ, ಬರಲಿ ಬಿಡ್ರಿ, ಇರೋದು ಮುಖ್ಯ ಅಂತ ಗಂಗವ್ವ ಮತ್ತೆ ಲಾಳಿ ಒಗೆದಳು. ಮಾಸ್ತರು ಬಿಡುವವರೇ? ಕನ್ನಡಕ ಏರಿಸಿ ಇಳಿಸಿ ನೋಡಿದರು. ಅವರ ಮುಖದ ಮೇಲೆ ಬೆಳಕು ಬಂತು. ನಾನು ಬರೆಸಿದ್ದು ಸರಿ ಅದ, ಸವಿತಾ ನೋಡ್ಯಾಳ, ಅಂದ ಮ್ಯಾಲೆ ಉಲ್ಟಾ ಮಾಡಿದ್ದು ಯಾರು, ಈ ಹೊಸಾ ಆಪರೇಟಿಂಗ್ ಸಿಸ್ಟಮ್ ಅಂತ ಸುರು ಮಾಡಿದರು. ನಾನು ಮುಂಜಾಗ್ರತೆಯಿಂದ, ಪ್ರೋಗ್ರಾಂದ್ದು ತಪ್ಪು ಅಂತ ನಾ ಅನ್ನಂಗಿಲ್ರಿ, ಮಾತು ಕೊಟ್ಟೇನಿ, ಹಂಗಂತ ಆಪರೇಟಿಂಗ್ ಸಿಸ್ಟಮಿಂದೂ ಅಲ್ಲ ಅಂದೆ.

“ಹಂಗಾರ ಮತ್ತ ಯಾರದೋ?” ಅಂದರು ಮಾಸ್ತರು.

ಅಷ್ಟು ವರ್ಷದ ವಾದದಲ್ಲಿ ನಾವಿಬ್ಬರೂ ಕೇಳಿಕೊಳ್ಳದ ಪ್ರಶ್ನೆ ಅದು. ಪ್ರೋಗ್ರಾಂದ್ದಲ್ಲ, ಸಿಸ್ಟಮಿಂದಲ್ಲ ಅಂದ ಮೇಲೆ ಉಳಿದವರು ಯಾರು? ಸವಿತಾ ಕೆಮ್ಮಿದಳು. ಅವಳ ಕಡೆ ನೋಡಿದೆ, ಅವಳು ನನ್ನ ಕೈಯನ್ನು ನೋಡುತ್ತಿದ್ದಳು. ತೆಳು ಹಾಳೆ. ಎರಡೂ ಮಗ್ಗುಲಿಂದ ಒಂದೇ ಹಾಗೆ ಕಾಣುತ್ತದೆ. ಗೋಪುರಕ್ಕೆ ಎಡ ಬಲ ಎರಡೂ ಒಂದೇ, ಹಾಳೆ ಬೋರಲು ಹಾಸಿದರೂ ಗೋಪುರ ಗೋಪುರವೇ. ಬೋರಲಾದದ್ದು ಗೊತ್ತಾಗುವುದು ಆ ಮೂರು ಚುಕ್ಕಿಯಿಂದ ಮಾತ್ರ. ಹಾಸಿ, ಕಲ್ಲಿಟ್ಟು, ಸಲಹೆ ಕೊಟ್ಟು ಬಂದವನು ಯಾರು ಅಂತ ನಿಮಗೆ ಮತ್ತೆ ಹೇಳಬೇಕಾಗಿಲ್ಲ.

ನನಗೆ ಗೊತ್ತಾಗಿತ್ತು. ಆದರೆ ಮಾಸ್ತರಿಗೆ ಗೊತ್ತಾಗುವುದಕ್ಕೆ ಇನ್ನೂ ಒಂದು ಉಸಿರಿನಷ್ಟು ಹೊತ್ತು ಇತ್ತು. “ವಿಚಾರ ಮಾಡಿದ್ರ, ನೀವು ಅನ್ನೋದೂ ಖರೇ ಐತ್ರಿ ಮಾಸ್ತರ,” ಅಂದೆ. “ಈ ಆಪರೇಟಿಂಗ್ ಸಿಸ್ಟಮ್‌ಗಳನ್ನ ನಂಬೂಹಂಗಿಲ್ಲ.”

ಮಾಸ್ತರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿಕೊಂಡರು. ಹಳೇದನ್ನೂ ಸೇರಿಸಿ ಹೇಳತೀಯೋ, ಹೊಸಾದು ಒಂದನ್ನ ಹೇಳತೀಯೋ ಅಂತ ಕೇಳಿದರು. ಎರಡನ್ನೂ ಸೇರಿಸಿ ಹೇಳಿದೆ. ಅವತ್ತು ಚಹಾ ಪೂರ್ತಿ ಕುಡಿದು, ಬಸ್ಸು ತಪ್ಪಿಸಿಕೊಂಡು, ನಮ್ಮಲ್ಲೇ ಊಟ ಮಾಡಿದರು. ಈಗ ಪ್ರತಿ ಸೂಟಿಯ ದಿನ ಫೋನು ಬರುತ್ತದೆ, ಆರಾಮಾ ಅಂತ ಕೇಳುವುದಿಲ್ಲ. ಹೊಸ ಸಿಸ್ಟಮ್ ಎಡ ಬಲ ಯಾಕೆ ಅದಲುಬದಲು ಮಾಡಿತು ಅಂತ ಅವರು ವಾರಕ್ಕೊಂದು ಕಾರಣ ಹುಡುಕುತ್ತಾರೆ, ಅದಲ್ಲ ಬಿಡ್ರಿ ಅಂತ ನಾನು ತೆಗೆದುಹಾಕುತ್ತೇನೆ. ಖರೇ ಕಾರಣ ಗೊತ್ತಿದ್ದವನಿಗೆ ಉಳಿದ ಕಾರಣ ತೆಗೆದುಹಾಕುವುದು ಬಹಳ ಸಸಾರ.

ಕೊನೆಯದಾಗಿ ಒಂದು ಸಲಹೆ. ಇಳಕಲ್ಲಿಗೆ ಬಂದರೆ ನಮ್ಮ ಅಂಗಡಿಗೆ ಬನ್ನಿ, ದಡಿ ತಿರುವಿ ಬೊಟ್ಟು ನೋಡಿ. ಒಂಟಿ ಚುಕ್ಕಿ ಬಲಕ್ಕಿದ್ದರೆ ಅದು ಶ್ರೀನಿವಾಸ ಮಾಸ್ತರು ಬರೆದ ವಿನ್ಯಾಸ, ಕೇಳಿದವರಿಗೆಲ್ಲ ನಾನು ಅವರ ಹೆಸರು ಹೇಳುತ್ತೇನೆ. ಎಡಕ್ಕಿದ್ದರೆ ಅದು ಅಪರೂಪದ್ದು, ಆ ಒಂದು ಸಲದ ಪಟ್ಟಿಯಲ್ಲಿ ಮಾತ್ರ ನೇಯ್ದದ್ದು, ಸ್ವಲ್ಪ ತುಟ್ಟಿ. ಯಾಕೆ ಅಪರೂಪ ಅಂತ ನನ್ನನ್ನು ಕೇಳಿ, ಸವಿತಾಳನ್ನು ಕೇಳಬೇಡಿ.